ಟಿಪ್ಪಣಿಯಿಂದ ಕಟ್ಟಿದ ಬೇಸ್ ಮ್ಯಾಪ್: ಸಿರ್ಸಿಯ ತೋಟ-ಬೆಟ್ಟಗಳಲ್ಲಿ ನನ್ನ ಅನುಭವ

ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ, ನಾಲ್ಕಾರು ಮೂಲೆಗಳನ್ನು ಉಪಗ್ರಹ ಚಿತ್ರಕ್ಕೆ ಕೂಡಿಸಿ, ಅದರ ಮೇಲೆ ರಸ್ತೆಯನ್ನೋ ಪೈಪ್‌ಲೈನನ್ನೋ ಎಳೆದು ಕೊಡುವ ಪದ್ಧತಿ ಬಯಲುಸೀಮೆಯಲ್ಲಿ ಹೇಗೋ ನಡೆದೀತು. ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ತೋಟ-ಬೆಟ್ಟಗಳಲ್ಲಿ ನಡೆಯುವುದಿಲ್ಲ ಎಂದು ನಾನು ಹಲವು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ. ಇಲ್ಲಿ ಮೊದಲು ಪ್ರತಿ ಸರ್ವೆ ನಂಬರನ್ನೂ ಮೂಲ ಟಿಪ್ಪಣಿಯ (ಮೊದಲ ಮೋಜಣಿಯಲ್ಲಿ ಬರೆದಿಟ್ಟ ದಾಖಲೆಯ) ಅಳತೆಯಿಂದಲೇ ಕಟ್ಟಿ, ನೆಲದಲ್ಲಿ ಸಿಕ್ಕ ಹಳೆಯ ಕಲ್ಲುಗಳಿಗೆ ಕೂಡಿಸಿ, ಆಮೇಲೆ ಮಾತ್ರ ಚಿತ್ರವನ್ನು ಅದರ ಅಡಿಗೆ ತರಬೇಕು ಎಂಬುದು ನನ್ನ ವಾದ. ಅದು ತಿಂಗಳುಗಟ್ಟಲೆ ಹಿಡಿಯುವ, ದುಡ್ಡು ಹುಟ್ಟದ ಕೆಲಸವೆಂದು ವೃತ್ತಿಮಿತ್ರರು ನಕ್ಕಿದ್ದರು. ಕಳೆದ ಬೇಸಿಗೆಯಲ್ಲಿ ಸಿರ್ಸಿ ತಾಲೂಕಿನ ಒಂದು ಕಣಿವೆಯಲ್ಲಿ ಸುಮಾರು ಐದು ಕಿಲೋಮೀಟರ್ ರಸ್ತೆ ಅಗಲೀಕರಣಕ್ಕೆ ಬೇಸ್ ಮ್ಯಾಪನ್ನು, ಅಂದರೆ ವಿನ್ಯಾಸಕ್ಕೆ ಆಧಾರವಾಗುವ ನಕ್ಷೆಯನ್ನು, ಹೀಗೆಯೇ ಮಾಡಿಕೊಟ್ಟೆ. ಭೂಸ್ವಾಧೀನದ ಜಂಟಿ ಅಳತೆಯ ಹೊತ್ತಿಗೆ ನನ್ನ ಗಡಿಗಳೂ ಮೋಜಣಿದಾರರ ಅಳತೆಯೂ ಬಹುತೇಕ ಎಲ್ಲ ಕಡೆ ಅರ್ಧ ಮೀಟರಿನೊಳಗೆ ಕೂಡಿದವು. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ. ಈ ಬರಹ ಅವರಿಗಾಗಿಯೂ ಹೌದು.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ನಮ್ಮ ಗ್ರಾಮ ನಕ್ಷೆಗಳು ಎಂಟು ಇಂಚಿಗೆ ಒಂದು ಮೈಲಿ, ಅಂದರೆ 1:7920 ಪ್ರಮಾಣದವು. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ನಾಲ್ಕು ಮೀಟರ್ ಆಗುತ್ತದೆ. ಇಪ್ಪತ್ತೈದು-ಮೂವತ್ತು ಮೀಟರ್ ಅಗಲದ ಕಣಿವೆ ತೋಟದಲ್ಲಿ ನಾಲ್ಕು ಮೀಟರ್ ಅಂದರೆ ಅಡಿಕೆಯ ಒಂದು ಸಾಲಿಗಿಂತ ಹೆಚ್ಚು. ಕಚೇರಿಯಿಂದ ಸಿಗುವ ಪ್ರತಿಗಳು ಪ್ರತಿಯ ಪ್ರತಿಗಳಾಗಿರುವುದರಿಂದ ಕಾಗದ ಉದ್ದಕ್ಕೆ ಒಂದು ಬಗೆಯಲ್ಲಿ, ಅಡ್ಡಕ್ಕೆ ಇನ್ನೊಂದು ಬಗೆಯಲ್ಲಿ ಕುಗ್ಗಿರುತ್ತದೆ. ಇದನ್ನು ಸರಿಪಡಿಸಲು ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ರಬ್ಬರ್ ಶೀಟಿಂಗ್ (ನಕ್ಷೆಯನ್ನು ರಬ್ಬರಿನಂತೆ ಎಳೆದು ಹೊಂದಿಸುವುದು) ಮಾಡಿದರೆ ಪರದೆಯ ಮೇಲೆ ಶೇಷದೋಷ ಸೊನ್ನೆ ಎಂದು ತೋರಿಸಿ ನಮ್ಮನ್ನು ಸಂತೋಷಪಡಿಸುತ್ತದೆ. ನಿಜದಲ್ಲಿ ಅದು ಹತ್ತಿಯ ಹಾಸಿಗೆಯಂತೆ, ಒತ್ತಿದ ಕಡೆ ತಗ್ಗಿ ಪಕ್ಕದಲ್ಲಿ ಉಬ್ಬುತ್ತದೆ. ಹಾಗೆ ಮಾಡಿದ ಒಂದು ಹಾಳೆಯಲ್ಲಿ ತೋಟಗಳ ಕ್ಷೇತ್ರವನ್ನು ಪಹಣಿಯೊಂದಿಗೆ ಹೋಲಿಸಿದಾಗ ಕೆಲವು ಕಡೆ ಎರಡು ಮೂರು ಗುಂಟೆ ಹೆಚ್ಚು, ಅದರ ಪಕ್ಕದಲ್ಲೇ ಅಷ್ಟೇ ಕಡಿಮೆ ಬಂದಿತ್ತು. ಹಳೆಯ ಟೋಪೋಶೀಟಿಗೆ (ಭೂಲಕ್ಷಣ ನಕ್ಷೆಗೆ) ಹೊಂದಿಸುವ ಯತ್ನವಂತೂ ಇನ್ನೂ ದೂರ ಹೋಯಿತು, ಏಕೆಂದರೆ ಅವು ಎವರೆಸ್ಟ್ ಡೇಟಂ ಎಂಬ, ಭೂಮಿಯ ಆಕಾರದ ಹಳೆಯ ಲೆಕ್ಕದ ಮೇಲಿವೆ. ಪರಿವರ್ತನೆ ಮಾಡದೆ, ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84ರ ಮೇಲೆ ಹಾಸಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಮೀರಿ ಜರುಗುತ್ತವೆ.

ಎರಡನೆಯ ದಾರಿ ಡ್ರೋನ್. ಇದೇ ಕಣಿವೆಗೆ ಗುತ್ತಿಗೆದಾರರು ನನಗಿಂತ ಮೊದಲೇ ಒಂದು ತಂಡವನ್ನು ಕರೆಸಿ ಲಕ್ಷದ ಮೇಲೆ ಖರ್ಚು ಮಾಡಿದ್ದರು. ಚಿತ್ರ ನೋಡಲು ಅತ್ಯಂತ ಸುಂದರವಾಗಿತ್ತು, ಆದರೆ ಅದು ಅಡಿಕೆ ಮರದ ತುದಿಗಳ ಚಿತ್ರ. ಹನ್ನೆರಡು ಹದಿನೈದು ಮೀಟರ್ ಎತ್ತರದ ಚಂಡೆಗಳ (ಮರದ ತಲೆಗಳ) ಮೇಲೆ ಹಾಯ್ದ ಕಾಂಟೂರುಗಳಲ್ಲಿ ಕಣಿವೆಯೇ ಅರ್ಧ ತುಂಬಿಹೋಗಿತ್ತು. ಹಳ್ಳ ಎಲ್ಲಿ ದಾಟುತ್ತದೆ, ಮೋರಿಯ ತಳಮಟ್ಟ ಎಷ್ಟು ಎಂಬುದಕ್ಕೆ ಅದರಿಂದ ಉತ್ತರ ಸಿಗುವಂತಿರಲಿಲ್ಲ. ಬಾಹ್ಯಾಕಾಶದಿಂದ ರೇಡಾರಿನಲ್ಲಿ ಅಳೆದ, ಪುಕ್ಕಟೆ ಸಿಗುವ ಎಸ್‌ಆರ್‌ಟಿಎಂ ಎತ್ತರಗಳ ಕಥೆಯೂ ದಟ್ಟ ಕಾಡಿನಲ್ಲಿ ಇದೇ. ಎಲೆಗಳ ಸಂದಿನಿಂದ ನೆಲ ಮುಟ್ಟುವ ಲೇಸರ್ ಅಳತೆ, ಅಂದರೆ ಲೈಡಾರ್ ಇದ್ದರೆ ಆಗುತ್ತಿತ್ತು ಎನ್ನುವವರು ಅದರ ದರಪಟ್ಟಿಯನ್ನು ಐದು ಕಿಲೋಮೀಟರಿನ ರಸ್ತೆಯ ಎದುರಿಗೆ ಇಟ್ಟು ನೋಡಲಿ. ಕಾರವಾರದ ಕಡೆಯಾದರೆ ನೌಕಾನೆಲೆಯ ಸುತ್ತಮುತ್ತ ಡ್ರೋನ್ ಹಾರಿಸುವ ಮಾತನ್ನೇ ಎತ್ತಬಾರದು.

ನನ್ನ ಕೆಲಸ ನಿಯಂತ್ರಣ ಬಿಂದುಗಳಿಂದ ಶುರುವಾಗುತ್ತದೆ. ತೋಟದ ಒಳಗೆ ರೋವರ್ (ಹೊತ್ತು ತಿರುಗುವ ಉಪಗ್ರಹ ರಿಸೀವರ್) ಹಿಡಿದರೆ ಫಿಕ್ಸ್, ಅಂದರೆ ಸೆಂಟಿಮೀಟರ್ ಮಟ್ಟದ ಸ್ಥಾನ, ಬರುವುದಿಲ್ಲ. ಬಂದರೂ ಅದನ್ನು ನಂಬಬಾರದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದರೆ ಇನ್ನೆಲ್ಲೋ ಫಿಕ್ಸ್ ತೋರಿಸುತ್ತದೆ. ಸದಾ ಚಾಲೂ ಇರುವ ಸ್ಥಿರ ರಿಸೀವರುಗಳ ಕೋರ್ಸ್ ಜಾಲದ ತಿದ್ದುಪಡಿ ಪಡೆಯಲು ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಗದ್ದೆ ಬಯಲು, ಶಾಲೆಯ ಮೈದಾನ, ಡಾಂಬರು ರಸ್ತೆಯ ತಿರುವು, ಅಡಿಕೆ ಒಣಗಿಸುವ ಅಂಗಳ ಹೀಗೆ ಆಕಾಶ ತೆರೆದಿರುವ ಕಡೆ, ಒಂದರಿಂದ ಇನ್ನೊಂದು ಕಾಣುವಂತೆ ಜೋಡಿ ಬಿಂದುಗಳನ್ನು ಕೂರಿಸಿ, ಸ್ವಂತ ಬೇಸ್ ರಿಸೀವರ್ ಇಟ್ಟು ಸ್ಟ್ಯಾಟಿಕ್ (ಹೆಚ್ಚು ಹೊತ್ತು ಅಲುಗಿಸದೆ ಮಾಡುವ) ಅವಲೋಕನ ಮಾಡಿ, ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ. ಜೋಡಿಯಿಂದ ಜೋಡಿಗೆ ತೋಟದ ಒಳಗಿನಿಂದ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಯಂತ್ರ) ಹಿಡಿದು ಟ್ರಾವರ್ಸ್, ಅಂದರೆ ಬಿಂದುವಿನಿಂದ ಬಿಂದುವಿಗೆ ಅಳೆಯುತ್ತಾ ಸಾಗುವ ಸರಣಿ, ಹೋಯಿತು.

ಇಲ್ಲಿ ಬಹಳ ಮಂದಿ ಕಡೆಗಣಿಸುವ ಒಂದು ಸಂಗತಿಯಿದೆ. ನಮ್ಮ ಜಿಲ್ಲೆ ಯುಟಿಎಂ (ದುಂಡು ಭೂಮಿಯನ್ನು ಸಪಾಟು ನಕ್ಷೆಗೆ ಇಳಿಸುವ ಪದ್ಧತಿ) ವಲಯ 43ರಲ್ಲಿದೆ, ಅದರ ಮಧ್ಯ ರೇಖಾಂಶ 75 ಡಿಗ್ರಿ, ಸಿರ್ಸಿ ಪೇಟೆ ಆ ರೇಖೆಗೆ ಇಪ್ಪತ್ತು ಕಿಲೋಮೀಟರಿಗಿಂತ ಹತ್ತಿರ. ಆದ್ದರಿಂದ ಪ್ರಮಾಣಾಂಕ (ನೆಲದ ದೂರಕ್ಕೆ ನಕ್ಷೆಯ ದೂರದ ಅನುಪಾತ) ಇಲ್ಲಿ ಹೆಚ್ಚುಕಡಿಮೆ 0.9996 ಇರುತ್ತದೆ, ಕಿಲೋಮೀಟರಿಗೆ ನಲವತ್ತು ಸೆಂಟಿಮೀಟರ್ ಮೊಟಕು. ಸಮುದ್ರಮಟ್ಟದಿಂದ ಆರುನೂರು ಮೀಟರಿನಷ್ಟು ಮೇಲಿರುವುದಕ್ಕೆ ಇನ್ನೊಂದು ಒಂಬತ್ತು ಸೆಂಟಿಮೀಟರ್ ಸೇರುತ್ತದೆ. ಒಟ್ಟು ಕಿಲೋಮೀಟರಿಗೆ ಅರ್ಧ ಮೀಟರ್, ಐದು ಕಿಲೋಮೀಟರ್ ರಸ್ತೆಗೆ ಎರಡೂವರೆ ಮೀಟರ್. ಕಾರವಾರದಲ್ಲಿ ಮಧ್ಯ ರೇಖಾಂಶ ದೂರವಾಗಿ, ಎತ್ತರವೂ ಇಲ್ಲದಿರುವುದರಿಂದ ಅದು ಮೂವತ್ತು ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ನಕ್ಷೆಯ ಚೈನೇಜೂ (ರಸ್ತೆಯ ಆರಂಭದಿಂದ ಎಣಿಸಿದ ದೂರ) ಟೇಪಿನ ಚೈನೇಜೂ ಕೂಡುವುದಿಲ್ಲವೆಂದು ಸೈಟಿನಲ್ಲಿ ನಡೆಯುವ ಜಗಳಗಳಿಗೆ ಬಹುಪಾಲು ಇದೇ ಮೂಲ. ನಾನು ಕಣಿವೆಯ ನಡುವಿನ ಒಂದು ಬಿಂದುವನ್ನು ಆಧಾರವಾಗಿಟ್ಟು, ಇಡೀ ಹಾಳೆಯನ್ನು ನೆಲದ ಅಳತೆಗೆ ಹಿಗ್ಗಿಸಿ, ಗುಣಕವನ್ನೂ ಆಧಾರಬಿಂದುವನ್ನೂ ಹಾಳೆಯ ಮೂಲೆಯಲ್ಲಿ ಬರೆದುಬಿಡುತ್ತೇನೆ.

ಎತ್ತರಕ್ಕೆ ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಬಿಟ್ಟು ಬೇರೆ ಮಾತಿಲ್ಲ. ಕಾರವಾರದ ಕಡಲತೀರದ ಮರಳಿನ ಮೇಲೆ ಇಟ್ಟರೂ ರಿಸೀವರ್ ಕೊಡುವ ದೀರ್ಘವೃತ್ತಜದ (ಭೂಮಿಯ ಆಕಾರಕ್ಕೆ ಲೆಕ್ಕದಿಂದ ಕಟ್ಟಿದ ಮೇಲ್ಮೈಯ) ಎತ್ತರ ಹತ್ತಾರು ಮೀಟರ್ ಋಣದಲ್ಲಿರುತ್ತದೆ. ಅದಕ್ಕೆ ಜಿಯಾಯಿಡ್ (ಸರಾಸರಿ ಸಮುದ್ರಮಟ್ಟದ) ಮಾದರಿಯನ್ನು ಕೂಡಿಸಿ ಮೋರಿಯ ತಳಮಟ್ಟ ಬರೆಯುವ ಧೈರ್ಯ ನನಗಿಲ್ಲ.

ಇನ್ನು ಟಿಪ್ಪಣಿ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ನಮ್ಮ ಮೂಲ ಮೋಜಣಿಯೂ ಮುಂಬಯಿ ಪದ್ಧತಿಯದೇ: 33 ಅಡಿಯ ಸರಪಳಿ, ಅದಕ್ಕೆ 16 ಆಣೆ, ಸರಪಳಿಯ ಚೌಕವೇ ಗುಂಟೆ. ಒಂದು ಆಣೆಯೆಂದರೆ ಸುಮಾರು 63 ಸೆಂಟಿಮೀಟರ್. ಟಿಪ್ಪಣಿಯನ್ನು ಆಣೆಯವರೆಗೆ ಬರೆದಿರುವಾಗ, ಅದರಿಂದ ಕಟ್ಟಿದ ಗಡಿ ಅರ್ಧ ಮೀಟರಿಗಿಂತ ಸೂಕ್ಷ್ಮವಾಗಿ ಕೂಡಬೇಕೆಂದು ಬಯಸುವವರು ದಾಖಲೆಯಲ್ಲಿ ಇಲ್ಲದ್ದನ್ನು ಕೇಳುತ್ತಿದ್ದಾರೆಂದೇ ಅರ್ಥ. ಪ್ರತಿ ನಂಬರಿನ ಮಧ್ಯದ ಗೆರೆಯನ್ನೂ ಎಡಬಲದ ಲಂಬಗಳನ್ನೂ ಆಟೋಕ್ಯಾಡಿನಲ್ಲಿ ಬೇರೆ ಬೇರೆ ತುಂಡುಗಳಾಗಿ ಬಿಡಿಸಿ, ಕ್ಷೇತ್ರವನ್ನು ಆಕಾರಬಂದಿನೊಂದಿಗೆ (ಪ್ರತಿ ನಂಬರಿನ ಕ್ಷೇತ್ರ, ಕಂದಾಯದ ದಾಖಲೆ) ತಾಳೆ ನೋಡಿ, ತಾಳೆಯಾದ ತುಂಡುಗಳನ್ನು ಮಾತ್ರ ನೆಲದ ಕಲ್ಲುಗಳಿಗೆ ಕೂಡಿಸುತ್ತಾ ಹೋದೆ. ತುಂಡನ್ನು ತಿರುಗಿಸಬಹುದು, ಜರುಗಿಸಬಹುದು. ಹಿಗ್ಗಿಸುವಂತಿಲ್ಲ ಎಂಬ ನಿಯಮವನ್ನು ನಾನು ಬಿಡುವುದಿಲ್ಲ. ಗದ್ದೆ ತೋಟಗಳಲ್ಲಿ ಇದು ಬೇಗ ಕೂಡಿತು.

ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ನಂಬರುಗಳು ಮಾತ್ರ ಹಟ ಹಿಡಿದವು, ಯಾವಾಗಲೂ ಉದ್ದಕ್ಕೆ ಹೆಚ್ಚು ಬರುತ್ತಿದ್ದವು. ಸರಪಳಿಯನ್ನು ಮಟ್ಟಸವಾಗಿ ಹಿಡಿಯದೆ ಇಳಿಜಾರಿನ ಮೇಲೆಯೇ ಹಾಸಿದ್ದರೆ ಎಷ್ಟು ಹೆಚ್ಚಾಗಬಹುದೆಂದು ನೋಡಲು ಒಂದು ಬೆಟ್ಟದ ಮೇಲೆ ಎರಡೂ ಬಗೆಯಲ್ಲಿ ಅಳೆದೆ. ನಾಲ್ಕಕ್ಕೆ ಒಂದು ಇಳಿಜಾರಿನಲ್ಲಿ ನೂರಕ್ಕೆ ಮೂರರಷ್ಟು ವ್ಯತ್ಯಾಸ ಬರಬೇಕು. ನನ್ನ ಬೆಟ್ಟದ ಟಿಪ್ಪಣಿಗಳು ನೆಲಕ್ಕಿಂತ ಹೆಚ್ಚಾಗಿದ್ದುದೂ ನೂರಕ್ಕೆ ಎರಡು ಮೂರರಷ್ಟೇ. ಅಲ್ಲಿಂದ ಮುಂದೆ ಬೆಟ್ಟದ ಗೆರೆಗಳನ್ನು ಇಳಿಜಾರಿನ ಲೆಕ್ಕದಲ್ಲಿ ಇಳಿಸಿಯೇ ಕಟ್ಟಿದೆ. ಎಲ್ಲ ಊರಿನಲ್ಲೂ ಹೀಗೇ ಇದ್ದೀತೆಂದು ಹೇಳಲಾರೆ, ನಿಮ್ಮ ಹಾಳೆಯಲ್ಲಿ ನೀವೇ ಪರೀಕ್ಷಿಸಿ ನೋಡಬೇಕು.

ಕಲ್ಲು ಹುಡುಕುವುದಕ್ಕೆ ಕಾಲ ನೋಡಬೇಕು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಚ್ಚಿಸಿಕೊಳ್ಳುವುದೊಂದೇ ಲಾಭ. ಕೊಯ್ಲು ಮುಗಿದು, ಊರಿನವರು ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸಿ ಹೊತ್ತೊಯ್ದ ಮೇಲೆ ನೆಲ ಬರಿದಾಗಿ ಬಾಂದುಕಲ್ಲೂ ಹಳೆಯ ಅಗಳದ (ಗಡಿಯ ಕಂದಕದ) ಗುರುತೂ ಕಣ್ಣಿಗೆ ಬೀಳುತ್ತವೆ. ಮೂರು ಗ್ರಾಮಗಳು ಕೂಡುವ ಕಲ್ಲು ಸಿಕ್ಕರೆ ಅದು ಹತ್ತು ಸಾಮಾನ್ಯ ಕಲ್ಲುಗಳಿಗೆ ಸಮ. ಅಗಳ ನಂಬಿಕೆಗೆ ಅರ್ಹ, ಬೇಲಿ ಅಲ್ಲ. ಬೇಲಿ ಪ್ರತಿ ತಲೆಮಾರಿಗೂ ಸ್ವಲ್ಪ ಸ್ವಲ್ಪ ನಡೆಯುತ್ತದೆ. ಯಾವ ಗುರುತಿಗೆ ಎಷ್ಟು ತೂಕ ಕೊಟ್ಟು ಹೊಂದಾಣಿಕೆ ಲೆಕ್ಕ ಹಾಕುತ್ತೇನೆ, ಮತ್ತು ಎರಡು ಕಲ್ಲುಗಳು ಒಂದಕ್ಕೊಂದು ವಿರುದ್ಧ ಸಾಕ್ಷಿ ಹೇಳಿದಾಗ ಯಾವುದನ್ನು ಬಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಇದೇ ವಿಧಾನವನ್ನು ಘಟ್ಟದ ಕೆಳಗೆ, ಕುಮಟಾ ತಾಲೂಕಿನ ಅಘನಾಶಿನಿ ದಂಡೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಒಂದು ಸಣ್ಣ ಒಡ್ಡಿನ ಕೆಲಸಕ್ಕೆ ಪ್ರಯೋಗಿಸಿದೆ. ಅಲ್ಲಿ ಕಲ್ಲುಗಳು ಕೆಸರಿನಲ್ಲಿ ಹುಗಿದುಹೋಗಿರುತ್ತವೆ, ಉಳಿದ ಗುರುತುಗಳೆಂದರೆ ಒಡ್ಡು ಮತ್ತು ತೂಬಿನ ಕಟ್ಟೆ ಮಾತ್ರ. ಉಪಗ್ರಹ ಚಿತ್ರದ ನೀರಿನ ಅಂಚನ್ನು ಆಧಾರ ಮಾಡಿಕೊಳ್ಳಬಹುದೇ ಎಂದು ನೋಡಲು ಹುಣ್ಣಿಮೆ-ಅಮಾವಾಸ್ಯೆಗಳ ಉಬ್ಬರಕ್ಕೆ ನೀರು ಮುಟ್ಟಿದ ಎತ್ತರವನ್ನು ಒಡ್ಡಿನ ಚಿರೆಕಲ್ಲಿನ ಮೇಲೆ ಸುಣ್ಣದಿಂದ ಗುರುತಿಸುತ್ತಾ ಬಂದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳೂ ಸಮನಾಗಿರುವುದಿಲ್ಲ, ಮತ್ತು ಗಜನಿಯ ನೆಲ ಎಷ್ಟು ಸಪಾಟೆಂದರೆ ಒಂದು ಗೇಣು ನೀರು ಏರಿದರೆ ಅಂಚು ಹತ್ತಾರು ಮೀಟರ್ ಸರಿಯುತ್ತದೆ. ಚಿತ್ರ ತೆಗೆದ ಗಂಟೆ ಗೊತ್ತಿಲ್ಲದೆ ಅದರ ನೀರಿನ ಗೆರೆಗೆ ಯಾವ ಬೆಲೆಯೂ ಇಲ್ಲ. ಸಿಆರ್‌ಝಡ್‌ನ (ಕರಾವಳಿ ನಿಯಂತ್ರಣ ವಲಯದ) ಉಬ್ಬರದ ಗೆರೆಯನ್ನು ಗುರುತಿಸುವುದು ಅಧಿಕೃತ ಸಂಸ್ಥೆಗಳ ಕೆಲಸವಾದ್ದರಿಂದ ನನ್ನ ಸುಣ್ಣದ ಗುರುತುಗಳು ಯಾವ ಅರ್ಜಿಗೂ ಉಪಯೋಗಕ್ಕೆ ಬರಲಿಲ್ಲ, ಆದರೆ ತೂಬಿನ ಹೊಸಿಲ ಮಟ್ಟ ನಿರ್ಧರಿಸಲು ಬಂದವು.

ಸಿರ್ಸಿಯ ಕೆಲಸದ ಲೆಕ್ಕ ನೆನಪಿನಿಂದ ಹೇಳುವುದಾದರೆ ಹೀಗಿತ್ತು. ಡಿಜಿಪಿಎಸ್ ಜೋಡಿಗೆ (ಬೇಸ್ ಮತ್ತು ರೋವರ್) ದಿನಕ್ಕೆ ಮೂರು ಸಾವಿರದ ಆಸುಪಾಸು ಬಾಡಿಗೆ, ಟೋಟಲ್ ಸ್ಟೇಷನ್ ನನ್ನದೇ, ಆಳಿಗೆ ಆರುನೂರರಿಂದ ಏಳುನೂರು ಮತ್ತು ಊಟ, ಟಿಪ್ಪಣಿ ಹಾಗೂ ಹಿಸ್ಸಾ ಪ್ರತಿಗಳಿಗೆ ಶುಲ್ಕ ಕಡಿಮೆಯಾದರೂ ಓಡಾಟ ಹೆಚ್ಚು. ಒಟ್ಟು ಖರ್ಚು ಒಂದೂಕಾಲು ಲಕ್ಷದ ಸುತ್ತ ನಿಂತಿತು, ಬಿಲ್ಲು ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಹೆಚ್ಚು ಹೊತ್ತು ತಿಂದದ್ದು ನೆಲದ ಕೆಲಸವಲ್ಲ, ಮೇಜಿನ ಮುಂದೆ ಕುಳಿತು ಹರಿದ ಟಿಪ್ಪಣಿಯ ಮೋಡಿ ಅಕ್ಷರದ (ಹಳೆಯ ಕೂಡು ಬರಹದ) ಅಂಕಿಗಳನ್ನು ಓದಿಸಿಕೊಂಡದ್ದು. ಅದಕ್ಕೊಬ್ಬ ನಿವೃತ್ತ ಮೋಜಣಿದಾರರಿಗೆ ಹಾಳೆಗೆ ಇಷ್ಟೆಂದು ಕೊಟ್ಟೆ, ಕೊಟ್ಟದ್ದು ಕಡಿಮೆಯೇ ಆಯಿತು ಎಂದು ಈಗ ಅನ್ನಿಸುತ್ತದೆ. ಮುಂದಿನ ದರಪಟ್ಟಿಯಲ್ಲಿ ಟಿಪ್ಪಣಿ ಕಟ್ಟುವುದಕ್ಕೆ ಸರ್ವೆ ನಂಬರಿನ ಲೆಕ್ಕದಲ್ಲಿ, ಟ್ರಾವರ್ಸಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ಬೇರೆಯಾಗಿಯೇ ದರ ಬರೆದಿದ್ದೇನೆ, ಏಕೆಂದರೆ ಕಿಲೋಮೀಟರಿಗೆ ಇಷ್ಟೆಂದು ಒಪ್ಪಿಕೊಂಡರೆ ಹಿಸ್ಸೆಗಳು ತುಂಡುತುಂಡಾದ ಕೇರಿಯಲ್ಲಿ ಕೈಯಿಂದ ಹಾಕಬೇಕಾಗುತ್ತದೆ. ಮುಂಗಡ ಅರ್ಧ, ಪಿಡಿಎಫ್ ಒಪ್ಪಿಸಿದಾಗ ಕಾಲು. ತಿದ್ದಬಹುದಾದ ಡಿಡಬ್ಲ್ಯೂಜಿ ಕಡತ ಮತ್ತು ನಿಯಂತ್ರಣ ಬಿಂದುಗಳ ಪಟ್ಟಿಯನ್ನು ಉಳಿದ ಕಾಲುಭಾಗ ಕೈಸೇರಿದ ಮೇಲೆಯೇ ಕೊಡುತ್ತೇನೆ.