ಎರಡು ಡಬ್ಬಿಯ ಒಲೆ: ಚಾರಣಕ್ಕೆ ಸ್ಪಿರಿಟ್ ಸ್ಟೌವ್ ಮಾಡಿಕೊಂಡ ನನ್ನ ಅನುಭವ

ನಾನು ಚಾರಣಕ್ಕೆ ಒಯ್ಯುವ ಒಲೆಯನ್ನು 500 ಮಿಲಿಲೀಟರಿನ ಎರಡು ಖಾಲಿ ಬಿಯರ್ ಡಬ್ಬಿಗಳ ತಳಭಾಗದಿಂದ ಮಾಡಿಕೊಂಡಿದ್ದೇನೆ. ಅದರ ತೂಕ 15 ಗ್ರಾಂ ದಾಟುವುದಿಲ್ಲ. ಪಂಪು, ತಿರುಪು, ನಳಿಕೆ ಯಾವುದೂ ಅದರಲ್ಲಿಲ್ಲ. ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ಉರಿಯುತ್ತದೆ, ಸ್ಪಿರಿಟ್ ಮುಗಿದಾಗ ತಾನೇ ಆರುತ್ತದೆ. ಅಮೆರಿಕದ ಉದ್ದನೆಯ ಕಾಲುದಾರಿಗಳಲ್ಲಿ ತಿಂಗಳುಗಟ್ಟಲೆ ನಡೆಯುವವರು ಇಂಥ ಒಲೆಗಳನ್ನು ಕೈಯಾರೆ ಮಾಡಿಕೊಳ್ಳುವ ರೂಢಿಯನ್ನು ಬೆಳೆಸಿದರು. ಅವುಗಳ ಮೂಲ ವಿನ್ಯಾಸವಾದರೋ ಇನ್ನೂ ಹಳೆಯದು: ಸ್ವೀಡನ್ನಿನಲ್ಲಿ 1925ರಲ್ಲಿ ಆರಂಭವಾದ ಟ್ರಾಂಗಿಯಾ ಸಂಸ್ಥೆಯು 1951ರಲ್ಲಿ ಹಿತ್ತಾಳೆಯ ಸ್ಪಿರಿಟ್ ಒಲೆ, ಗಾಳಿತಡೆ ಮತ್ತು ಪಾತ್ರೆಗಳನ್ನು ಒಂದಕ್ಕೊಂದು ಹೊಂದಿಸಿ ಒಂದೇ ಕಟ್ಟಾಗಿ ಹೊರತಂದಿತ್ತು. ಒಲೆಯೊಂದನ್ನೇ ಪ್ರತ್ಯೇಕವಾಗಿ ಯೋಚಿಸದೆ ಒಲೆ, ಪಾತ್ರೆ, ಗಾಳಿತಡೆ, ಇಂಧನದ ಅಳತೆ ಈ ನಾಲ್ಕನ್ನೂ ಒಟ್ಟಿಗೆ ಹೊಂದಿಸುವ ಕ್ರಮವೇ ಸರಿಯಾದದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಒಲೆ ಕೆಲಸಮಾಡುವ ಬಗೆಯನ್ನು ಮೊದಲು ಹೇಳುತ್ತೇನೆ. ಇದಕ್ಕೆ ಎರಡು ಗೋಡೆಗಳಿವೆ. ನಡುವಿನ ಬಟ್ಟಲಿಗೆ ಸುರಿದ ಸ್ಪಿರಿಟ್, ಒಳಗೋಡೆಯ ಕೆಳಅಂಚಿನಲ್ಲಿ ಕತ್ತರಿಸಿದ ಸಣ್ಣ ಕಚ್ಚುಗಳ ಮೂಲಕ ಎರಡು ಗೋಡೆಗಳ ನಡುವಿನ ಪೊಳ್ಳಿಗೂ ಹರಿದು ಸಮಮಟ್ಟದಲ್ಲಿ ನಿಲ್ಲುತ್ತದೆ. ಕಡ್ಡಿ ತಾಗಿಸಿದಾಗ ಮೊದಲು ನಡುವಿನ ಬಟ್ಟಲು ಮಾತ್ರ ಮೆಲ್ಲಗೆ ಉರಿಯುತ್ತದೆ. ಆ ಬಿಸಿಗೆ ಅಲ್ಯೂಮಿನಿಯಂ ಗೋಡೆ ಕಾಯುತ್ತದೆ, ಪೊಳ್ಳಿನಲ್ಲಿರುವ ಸ್ಪಿರಿಟ್ ಕುದಿಯತೊಡಗುತ್ತದೆ, ಅದರ ಆವಿ ಮೇಲಂಚಿನ ಸೂಜಿರಂಧ್ರಗಳಿಂದ ನುಗ್ಗಿ ಹೊತ್ತಿಕೊಂಡು ಸುತ್ತಲೂ ಉರಿಯ ಬಳೆಯೊಂದು ಮೂಡುತ್ತದೆ. ಸ್ಪಿರಿಟ್ಟಿನ ಮುಖ್ಯ ಅಂಶವಾದ ಎಥೆನಾಲ್ ಎಂಬ ಆಲ್ಕೊಹಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಇದಕ್ಕೆ ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಕಾಗದದಷ್ಟು ತೆಳುವಾದ ಡಬ್ಬಿ ಕರಗಿಹೋಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಒಳಗೆ ದ್ರವ ಇರುವವರೆಗೂ ಡಬ್ಬಿಯ ತಳ ಸ್ಪಿರಿಟ್ಟಿನ ಕುದಿಬಿಂದುವಿನ ಆಸುಪಾಸಿನಲ್ಲೇ ಉಳಿಯುತ್ತದೆ.

ಮಾಡುವ ಕೆಲಸಕ್ಕೆ ಬೇಕಾದುದು ಚೂಪಾದ ಬ್ಲೇಡು, ಕತ್ತರಿ, ನೋಟೀಸ್ ಬೋರ್ಡಿನ ಪಿನ್ನು ಮತ್ತು ನಯವಾದ ಎಮರಿ ಕಾಗದ. ಎರಡು ಡಬ್ಬಿಗಳೂ ಒಂದೇ ವ್ಯಾಸದವಾಗಿರಬೇಕು. ಈಗ ತಂಪುಪಾನೀಯಗಳಿಗೆ ಬರುವ ಸಪೂರ ಡಬ್ಬಿಗಳಿಗಿಂತ 66 ಮಿಲಿಮೀಟರ್ ಅಗಲದ ಬಿಯರ್ ಡಬ್ಬಿ ನನಗೆ ಒಗ್ಗಿದೆ, ಏಕೆಂದರೆ ಅಗಲ ಹೆಚ್ಚಿದಷ್ಟೂ ಒಲೆ ಕುಳ್ಳಗಾಗಿ ಸ್ಥಿರವಾಗಿ ಕೂರುತ್ತದೆ. ಬ್ಲೇಡನ್ನು ದಪ್ಪ ಪುಸ್ತಕವೊಂದರ ಹಾಳೆಗಳ ನಡುವೆ ಬಿಗಿಯಾಗಿ ಸಿಕ್ಕಿಸಿ, ಡಬ್ಬಿಯನ್ನು ಅದಕ್ಕೆ ಒತ್ತಿ ಮೆಲ್ಲಗೆ ತಿರುಗಿಸುತ್ತಾ ಹೋದರೆ ತಳದಿಂದ ಒಂದೇ ಎತ್ತರದಲ್ಲಿ ಗೀರು ಬೀಳುತ್ತದೆ. ಆ ಗೀರಿನ ಗುಂಟ ಬೆರಳಿನಿಂದ ಒತ್ತಿದರೆ ತಳ ನೀಟಾಗಿ ಬಿಟ್ಟುಕೊಳ್ಳುತ್ತದೆ. ಕೆಳಗಿನ ಭಾಗಕ್ಕೆ 30 ಮಿಲಿಮೀಟರ್, ಮೇಲಿನ ಭಾಗಕ್ಕೆ 25 ಮಿಲಿಮೀಟರ್ ಎತ್ತರ ಇಟ್ಟುಕೊಂಡೆ. ಮೇಲಿನ ಭಾಗವಾಗುವ ತಳವನ್ನು ಕವುಚಿ, ಅದರ ಒಳಗುಳಿಯನ್ನು ಉಂಗುರದ ಗುಂಟ ಬ್ಲೇಡಿನಿಂದ ಮತ್ತೆ ಮತ್ತೆ ಗೀರಿ ತೆಗೆಯಬೇಕು. ಇದು ತಾಳ್ಮೆ ಬೇಡುವ ಹಂತ. ಇಲ್ಲಿ ಬಲ ಹಾಕಿದರೆ ಅಂಚು ಸೀಳುತ್ತದೆ, ಸೀಳಿದ ಅಂಚು ಬೆರಳನ್ನೂ ಸೀಳುತ್ತದೆ. ದಪ್ಪ ಕೈಗವಸು ತೊಟ್ಟೇ ಈ ಕೆಲಸ ಮಾಡಬೇಕು.

ರಂಧ್ರಗಳನ್ನು ಜೋಡಿಸುವ ಮೊದಲೇ ಚುಚ್ಚಿಕೊಳ್ಳಬೇಕು. ಕಾಗದದ ಪಟ್ಟಿಯೊಂದನ್ನು ಡಬ್ಬಿಯ ಸುತ್ತಳತೆಗೆ ಕತ್ತರಿಸಿ ಅದನ್ನು ನಾಲ್ಕು ಬಾರಿ ಅರ್ಧಕ್ಕೆ ಮಡಿಚಿದರೆ 16 ಸಮಭಾಗಗಳು ಸಿಗುತ್ತವೆ. ಆ ಗುರುತುಗಳಲ್ಲಿ ಭುಜದಂಚಿಗೆ ಪಿನ್ನಿನಿಂದ ಸುಮಾರು 1 ಮಿಲಿಮೀಟರಿನ ರಂಧ್ರ ಮಾಡಿದೆ. ರಂಧ್ರ ದೊಡ್ಡದಾದರೆ ಆವಿಯ ಒತ್ತಡ ಕುಸಿದು ಉರಿ ಸೋಮಾರಿಯಾಗುತ್ತದೆ. ಉಳಿದ ಡಬ್ಬಿಯ ಹಾಳೆಯಿಂದ ಸುಮಾರು 40 ಮಿಲಿಮೀಟರ್ ಎತ್ತರದ ಪಟ್ಟಿ ಕತ್ತರಿಸಿ, ಕೆಳಅಂಚಿನಲ್ಲಿ ಮೂರು ಕಚ್ಚು ಮಾಡಿ, ಸುರುಳಿ ಸುತ್ತಿ ಒಳಗೋಡೆಯಾಗಿ ನಿಲ್ಲಿಸಿದೆ. ಅದು ಮೇಲಿನ ಮತ್ತು ಕೆಳಗಿನ ಎರಡು ಭಾಗಗಳ ಉಂಗುರದಂಥ ತೋಡುಗಳಲ್ಲೂ ಬಿಗಿಯಾಗಿ ಕೂರುವಂತೆ ಎತ್ತರವನ್ನು ಎಮರಿ ಕಾಗದದಿಂದ ತೀಡುತ್ತಾ ಹೊಂದಿಸಿಕೊಳ್ಳಬೇಕಾಗುತ್ತದೆ. ಒಂದೇ ವ್ಯಾಸದ ಎರಡು ಭಾಗಗಳು ಒಂದರೊಳಗೊಂದು ಇಳಿಯಬೇಕಾದರೆ ಒಂದರ ಬಾಯಿ ಹಿಗ್ಗಬೇಕು. ಅದಕ್ಕೆ ತೆರೆಯದ, ತುಂಬಿದ ಡಬ್ಬಿಯೊಂದನ್ನು ಅದರೊಳಕ್ಕೆ ಒತ್ತಿ ತಿರುಗಿಸಿ ತೆಗೆದರೆ ಸಾಕು. ಬಿಗಿಯಾಗಿ ಕೂತ ಒಲೆಗೆ ಅಂಟು ಬೇಕಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಾಮಾನ್ಯ ಎಪಾಕ್ಸಿ ಅಂಟುಗಳು ಉರಿಯ ಬಳಿ ಬಾಳುವುದಿಲ್ಲವಾದ್ದರಿಂದ ನಾನು ಅವುಗಳ ಗೋಜಿಗೆ ಹೋಗಿಲ್ಲ.

ಒಲೆ ಇಷ್ಟೇ. ಆದರೆ ನೀರು ಕುದಿಯುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅದರ ಸುತ್ತ ಇರುವ ವಸ್ತುಗಳಿಂದ. ಒಲೆಯ ಬಾಯಿಗೂ ಪಾತ್ರೆಯ ತಳಕ್ಕೂ ನಡುವೆ 25ರಿಂದ 30 ಮಿಲಿಮೀಟರ್ ಅಂತರ ಬೇಕು. ಅದಕ್ಕಿಂತ ಹತ್ತಿರವಾದರೆ ಗಾಳಿ ಸಾಲದೆ ಉರಿ ಹಳದಿಯಾಗಿ ಮಸಿ ಕಟ್ಟುತ್ತದೆ, ದೂರವಾದರೆ ಶಾಖ ಪಕ್ಕಕ್ಕೆ ಹರಿದುಹೋಗುತ್ತದೆ. ಈ ಅಂತರ ಸಿಗುವಂತೆ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳನ್ನು ಬಗ್ಗಿಸಿ ಮೂರು ಕಾಲಿನ ಸ್ಟ್ಯಾಂಡ್ ಮಾಡಿಕೊಂಡೆ. ಸತುವಿನ ಲೇಪವಿರುವ ಜಾಲರಿ ಅಗ್ಗವಾದರೂ ಉರಿಯಲ್ಲಿ ಆ ಲೇಪ ಸುಡುವುದು ಒಳ್ಳೆಯದಲ್ಲವೆಂದು ಅದನ್ನು ಬಿಟ್ಟೆ. ಪಾತ್ರೆ ಎತ್ತರದ ಲೋಟದಂತಿರದೆ ಅಗಲವಾದ ತಳದ್ದಾಗಿರಬೇಕು. ನನ್ನದು 12 ಸೆಂಟಿಮೀಟರ್ ತಳದ, ಮುಚ್ಚಳವಿರುವ ತೆಳು ಅಲ್ಯೂಮಿನಿಯಂ ಪಾತ್ರೆ. ಗಾಳಿತಡೆಗೆ ಅಡುಗೆಯ ಫಾಯಿಲ್ ತೀರಾ ತೆಳುವಾಗುತ್ತದೆ. ಊಟ ಕಟ್ಟಿಕೊಡುವ ದೊಡ್ಡ ಅಲ್ಯೂಮಿನಿಯಂ ತಟ್ಟೆಯನ್ನು ಕತ್ತರಿಸಿ ಪಟ್ಟಿ ಮಾಡಿ, ಪಾತ್ರೆಯ ಸುತ್ತ ಸುಮಾರು 8 ಮಿಲಿಮೀಟರ್ ಜಾಗ ಬಿಟ್ಟು ನಿಲ್ಲಿಸಿ, ಕೆಳಗೆ ಒಂದು ಬದಿಗೆ ಮಾತ್ರ ಗಾಳಿಕಿಂಡಿಗಳನ್ನು ಕೊರೆದೆ. ಆ ಬದಿಯನ್ನು ಗಾಳಿಗೆ ಬೆನ್ನಾಗಿಸಬೇಕು. ಗ್ಯಾಸ್ ತುಂಬಿದ ಸಣ್ಣ ಡಬ್ಬಿಯ, ಅಂದರೆ ಕ್ಯಾನಿಸ್ಟರಿನ, ಮೇಲೆ ಕೂರುವ ಒಲೆಗೆ ಹೀಗೆ ಸುತ್ತಲೂ ಮರೆ ಕಟ್ಟಿದರೆ ಕ್ಯಾನಿಸ್ಟರ್ ಕಾದು ಸಿಡಿಯುವ ಅಪಾಯವಿದೆ. ಸ್ಪಿರಿಟ್ ಒಲೆಗೆ ಆ ಭಯವಿಲ್ಲ, ಮತ್ತು ಅದರ ದೊಡ್ಡ ಅನುಕೂಲವೇ ಇದು.

ಇಂಧನದ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳುವುದರಿಂದ ಬಹಳ ಉಪಯೋಗವಾಗುತ್ತದೆ. ಅರ್ಧ ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 167 ಕಿಲೋಜೂಲ್ ಬೇಕು. ಒಂದು ಮಿಲಿಲೀಟರ್ ಎಥೆನಾಲ್ ಉರಿದರೆ ಸುಮಾರು 21 ಕಿಲೋಜೂಲ್ ಸಿಗುತ್ತದೆ. ಎಲ್ಲ ಶಾಖವೂ ನೀರಿಗೇ ಸೇರುವುದಾದರೆ 8 ಮಿಲಿಲೀಟರ್ ಸಾಕಿತ್ತು. ಗಾಳಿತಡೆಯೊಂದಿಗೆ ನನಗೆ 18ರಿಂದ 20 ಬೇಕಾಗುತ್ತದೆ, ಅಂದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಶಾಖ ನೀರಿಗೆ ತಲುಪುತ್ತದೆ, ಮತ್ತು ಏಳೆಂಟು ನಿಮಿಷಗಳಲ್ಲಿ ನೀರು ಕುದಿಯುತ್ತದೆ. ಗಾಳಿತಡೆ ತೆಗೆದರೆ ತೆಳುವಾದ ತಂಗಾಳಿಯಲ್ಲೂ 30 ಮಿಲಿಲೀಟರ್ ಮುಗಿದಿರುತ್ತದೆ, ನೀರು ಮಾತ್ರ ಕುದಿದಿರುವುದಿಲ್ಲ. ಹಾಗಾಗಿ ಔಷಧಿಯ ಸಿರಪ್ಪಿನೊಂದಿಗೆ ಬರುವ ಅಳತೆಯ ಮುಚ್ಚಳ ನನ್ನ ಕಟ್ಟಿನ ಅವಿಭಾಜ್ಯ ಅಂಗ. ಅಳೆದು ಸುರಿದರೆ ನೀರು ಕುದಿಯುವ ಹೊತ್ತಿಗೆ ಉರಿಯೂ ಆರುತ್ತದೆ.

ನಮ್ಮಲ್ಲಿ ಕಠಿಣವಾದದ್ದು ಇಂಧನ ಹೊಂದಿಸಿಕೊಳ್ಳುವುದು. ಅಮೆರಿಕದಲ್ಲಿ ಸ್ಪಿರಿಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಷ್ಟು ಸಲೀಸಾಗಿ ಇಲ್ಲಿ ಸಿಗುವುದಿಲ್ಲ; ಇಲ್ಲಿ ಅದು ಅಬಕಾರಿ ನಿಯಮಗಳಿಗೆ ಒಳಪಟ್ಟ ವಸ್ತು. ಮರಕ್ಕೆ ಅರಗಿನ ಪಾಲಿಶ್ ಹಾಕುವವರು ಬಳಸುವ ಡಿನೇಚರ್ಡ್ ಸ್ಪಿರಿಟ್, ಅಂದರೆ ಕುಡಿಯಲಾಗದಂತೆ ಬೆರಕೆ ಮಾಡಿದ ಸ್ಪಿರಿಟ್, ಚೆನ್ನಾಗಿಯೇ ಉರಿಯುತ್ತದೆ, ಆದರೆ ಅದರಲ್ಲಿ ಮೆಥನಾಲ್ ಬೆರೆತಿರಬಹುದು. ಶುದ್ಧ ಮೆಥನಾಲನ್ನು ನಾನು ಎಂದೂ ಬಳಸುವುದಿಲ್ಲ. ಅದು ಮಸಿಯಿಲ್ಲದೆ ಉರಿಯುವುದು ನಿಜ, ಆದರೆ ಕುಡಿದರೆ ಮಾತ್ರವಲ್ಲ, ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹ ಸೇರುವ ವಿಷ ಅದು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯಲ್ಲಿ ಇದ್ದದ್ದು ಅದೇ. ನೀರಿನಂತೆ ಕಾಣುವ ಇಂಧನವನ್ನು ನೀರಿನ ಬಾಟಲಿಯಲ್ಲಿ ತುಂಬಿ ಒಯ್ಯುವುದನ್ನು ಯಾರೂ ಮಾಡಬಾರದು. ನನ್ನ ಇಂಧನದ ಬಾಟಲಿಗೆ ಬಿಗಿ ಮುಚ್ಚಳವಿದೆ, ಸುತ್ತ ಕೆಂಪು ಪಟ್ಟಿಯಿದೆ, "ಇಂಧನ, ಕುಡಿಯಬಾರದು" ಎಂಬ ಬರಹವಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುವ ಐಸೊಪ್ರೊಪೈಲ್ ಆಲ್ಕೊಹಾಲ್ ಸುಲಭವಾಗಿ ಸಿಗುತ್ತದೆ. ಅದರ ಶಾಖ ಎಥೆನಾಲಿಗಿಂತ ತುಸು ಹೆಚ್ಚೇ. ಆದರೆ ಉರಿ ಹಳದಿಯಾಗಿ ಪಾತ್ರೆಯ ತಳ ಕರಿಬಡಿಯುತ್ತದೆ. ಪಾತ್ರೆಯನ್ನು ಇನ್ನಷ್ಟು ಎತ್ತರಿಸಿದರೆ ಮಸಿ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೊಳ್ಳುವಾಗ ಲೇಬಲ್ಲಿನಲ್ಲಿ ಶೇಕಡಾ ಎಷ್ಟೆಂದು ಓದಲೇಬೇಕು, ಶೇ. 70ರದ್ದಾದರೆ ಉಳಿದದ್ದು ನೀರು, ಒಲೆ ಕೊನೆಯಲ್ಲಿ ಆ ನೀರನ್ನು ಉಳಿಸಿಕೊಂಡು ಮುನಿಸಿಕೊಳ್ಳುತ್ತದೆ. ಕೊರೊನಾ ಕಾಲದಿಂದ ಎಲ್ಲೆಡೆ ಸಿಗುವ ಸ್ಯಾನಿಟೈಸರನ್ನೂ ಉರಿಸಿ ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದ್ರವದಲ್ಲಿ ಶೇ. 80 ಎಥೆನಾಲ್ ಇದ್ದರೂ ಜೊತೆಗೆ ಗ್ಲಿಸರಾಲ್ ಇರುತ್ತದೆ. ಅದು ಸೂಜಿರಂಧ್ರಗಳಲ್ಲಿ ಅಂಟಿನಂತೆ ಉಳಿಯುವುದರಿಂದ ಈ ಒಲೆಗೆ ಅದು ಹೇಳಿದ್ದಲ್ಲ. ಒಲೆಯ ಇಂಧನವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಬೇಗ ಹೊತ್ತಿಕೊಳ್ಳುವ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದೂ ಅಪರಾಧ. ಹಿಮಾಲಯದ ಚಾರಣಕ್ಕೆ ಹೋದಾಗ ಖಾಲಿ ಬಾಟಲಿ ಒಯ್ದು, ನಡಿಗೆ ಆರಂಭವಾಗುವ ಊರಿನಲ್ಲೇ ಇಂಧನ ಕೊಳ್ಳುತ್ತೇನೆ.

ಹಿಮಾಚಲದ ಹಂಪ್ಟಾ ಪಾಸ್ ದಾರಿಯಲ್ಲಿ ಬಾಲು ಕಾ ಘೇರಾ ಎಂಬ ತಂಗುದಾಣದಲ್ಲಿ, ಸಮುದ್ರಮಟ್ಟದಿಂದ 3,600 ಮೀಟರಿಗೂ ಮೇಲೆ, ಈ ಒಲೆಯ ಗುಣದೋಷಗಳು ನನಗೆ ಸ್ಪಷ್ಟವಾಗಿ ತಿಳಿದವು. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಹಾಗೆಂದು ಇಂಧನ ಉಳಿಯುವುದಿಲ್ಲ, ಏಕೆಂದರೆ ತೊರೆಯಿಂದ ಮೊಗೆದ ನೀರು 5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏರಿಸಬೇಕಾದ ಶಾಖ ಮನೆಯಲ್ಲಿ ಬೇಕಾದಷ್ಟೇ ಆಗುತ್ತದೆ. ತಣ್ಣಗಿರುವ ಎಥೆನಾಲ್ ಕಡ್ಡಿಗೆ ಬೇಗ ಹೊತ್ತುವುದೂ ಇಲ್ಲ. ಹೊತ್ತಿಸುವ ಮೊದಲು ಬಿಗಿಯಾಗಿ ಮುಚ್ಚಿದ ಬಾಟಲಿಯನ್ನು ಜಾಕೆಟ್ಟಿನೊಳಗೆ ಇಟ್ಟು ಮೈಬಿಸಿಗೆ ಬೆಚ್ಚಗಾಗಿಸುತ್ತೇನೆ. ಬಾಟಲಿಯನ್ನು ದೂರ ಇಟ್ಟು, ಕೈಗೆ ತಾಗಿದ್ದನ್ನು ಒರೆಸಿಕೊಂಡ ಮೇಲೆಯೇ ಕಡ್ಡಿ ಗೀರುತ್ತೇನೆ. ಒಲೆಯ ಕೆಳಗೆ ಫಾಯಿಲ್ ಸುತ್ತಿದ ತೆಳು ಹಲಗೆಯ ತುಂಡು ಇಟ್ಟರೆ ತಣ್ಣನೆಯ ನೆಲ ಅದರ ಬಿಸಿಯನ್ನು ಹೀರುವುದು ನಿಲ್ಲುತ್ತದೆ.

ಸ್ಪಿರಿಟ್ಟಿನ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಈ ಒಲೆಯಿಂದಾಗುವ ದೊಡ್ಡ ಅನಾಹುತಗಳಿಗೆ ಮುಖ್ಯ ಕಾರಣ ಇದೇ: ಆರಿದೆಯೆಂದು ತಿಳಿದು ಬಾಟಲಿಯಿಂದ ಮತ್ತೆ ಸುರಿಯಲು ಹೋದರೆ ಉರಿ ಬಾಟಲಿಯೊಳಕ್ಕೆ ನುಗ್ಗಿ ಎದುರಿಗಿದ್ದವರ ಮೇಲೆ ಚಿಮ್ಮುತ್ತದೆ. ಆರಿದ ಮೇಲೂ ಒಲೆ ಬರಿಗೈಗೆ ತಣ್ಣಗೆ ಹತ್ತುವವರೆಗೆ ನಾನು ಇಂಧನದ ಬಾಟಲಿ ತೆರೆಯುವುದಿಲ್ಲ. ನಡುವೆ ಆರಿಸಬೇಕಾದರೆ ಒಲೆಗಿಂತ ಅಗಲವಾದ ಸ್ಟೀಲ್ ಡಬ್ಬಿಯನ್ನು ಕವುಚುತ್ತೇನೆ. ಡೇರೆಯೊಳಗೆ ಹೊತ್ತಿಸುವುದಿಲ್ಲ, ಬೆಂಕಿಯ ಭಯದ ಜೊತೆಗೆ ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಭಯವೂ ಇದೆ.

ನಮ್ಮ ಪಶ್ಚಿಮ ಘಟ್ಟದ ಮಾತೇ ಬೇರೆ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ, ಕುದುರೆಮುಖ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಫೆಬ್ರವರಿ ಹೊತ್ತಿಗೆ ಆ ಹುಲ್ಲುಗಾವಲು ಎಷ್ಟು ಒಣಗಿರುತ್ತದೆಂದರೆ, ಮಗುಚಿದ ಒಲೆಯಿಂದ ಹರಿಯುವ, ಕಣ್ಣಿಗೆ ಕಾಣದ ಉರಿಯನ್ನು ಹಿಂಬಾಲಿಸಿ ಆರಿಸುವುದು ಯಾರಿಂದಲೂ ಆಗದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಕಂಡ ಮೇಲೂ ಕಾಡಿನಲ್ಲಿ ಕಡ್ಡಿ ಗೀರುವುದಕ್ಕೆ ಯಾವ ನೆಪವೂ ಸಲ್ಲದು. ಅಲ್ಲಿ ನಾನು ಒಲೆ ಒಯ್ಯದೆ ಚಪಾತಿ, ಚಟ್ನಿಪುಡಿ, ಮೊಸರು ಬೇಡದ ಗೊಜ್ಜವಲಕ್ಕಿಯಲ್ಲಿ ದಿನ ಕಳೆಯುತ್ತೇನೆ. ಮಲೆನಾಡಿನಲ್ಲಿ ಒಲೆ ಹೊತ್ತಿಸುವುದಿದ್ದರೆ ಅದು ಪರಿಚಿತರ ತೋಟದ ಕಾಫಿ ಕಣದ ಸಿಮೆಂಟು ನೆಲದ ಮೇಲೆ, ಅವರ ಅನುಮತಿ ಪಡೆದು, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು ಮಾತ್ರ.

ತೂಕದ ದೃಷ್ಟಿಯಿಂದ ಈ ಒಲೆ ಒಬ್ಬರ ಸಣ್ಣ ಪ್ರವಾಸಕ್ಕೆ ಹೇಳಿ ಮಾಡಿಸಿದ್ದು. ದಿನಕ್ಕೆ ಎರಡು ಬಾರಿ ಅರ್ಧರ್ಧ ಲೀಟರ್ ನೀರು ಕಾಯಿಸಿದರೆ ನಾಲ್ಕು ದಿನಕ್ಕೆ 160 ಮಿಲಿಲೀಟರ್, ಅಂದರೆ ಸುಮಾರು 126 ಗ್ರಾಂ ಇಂಧನ ಸಾಕು. ಆದರೆ ಗ್ರಾಂ ಲೆಕ್ಕದಲ್ಲಿ, ಗ್ಯಾಸ್ ಒಲೆಯಲ್ಲಿ ಉರಿಯುವ ಬ್ಯೂಟೇನ್ ಎಥೆನಾಲಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಾಖ ಕೊಡುತ್ತದೆ. ಮೂರು ನಾಲ್ಕು ಜನರಿದ್ದರೆ, ಅಥವಾ ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕಾದಲ್ಲಿ, ಗ್ಯಾಸ್ ಒಲೆಯನ್ನೇ ಒಯ್ಯಬೇಕು. ಉರಿ ಸಣ್ಣದು ಮಾಡುವ ಅನುಕೂಲವಿಲ್ಲದ್ದರಿಂದ ಅನ್ನ, ಬೇಳೆ ಇದರಲ್ಲಿ ಆಗದು, ಎತ್ತರದಲ್ಲಂತೂ ಆಗಲೇ ಆಗದು. ನನ್ನ ಊಟವೆಲ್ಲ ಬಿಸಿನೀರು ಸುರಿದರೆ ಅರಳುವಂಥದು: ಮನೆಯಲ್ಲೇ ತುಪ್ಪದಲ್ಲಿ ಹುರಿದು ಒಗ್ಗರಣೆ ಬೆರೆಸಿ ಕಟ್ಟಿಕೊಂಡ ಉಪ್ಪಿಟ್ಟಿನ ರವೆ, ಹುರಿದ ಶ್ಯಾವಿಗೆ, ಗಟ್ಟಿ ಅವಲಕ್ಕಿ. ಕುದಿದ ನೀರು ಸುರಿದು ಮುಚ್ಚಳ ಹಾಕಿ ಪಾತ್ರೆಯನ್ನು ಉಣ್ಣೆಯ ಟೋಪಿಯಲ್ಲಿ ಸುತ್ತಿ ಹತ್ತು ನಿಮಿಷ ಬಿಟ್ಟರೆ ಅದು ತನ್ನ ಬಿಸಿಯಲ್ಲೇ ಬೇಯುತ್ತದೆ.