ಮಳೆಗಾಲದಲ್ಲಿ ಚಿನ್ನದ ಪದರ ಕೂರಿಸುವುದು

ಹಾಸನದ ನಮ್ಮ ಲ್ಯಾಬ್‌ನಲ್ಲಿ ನಾನು ಮಾಡುವ ಕೆಲಸ ಇದು: ಗಾಜಿನ ಮೇಲೆ ಚಿನ್ನದ ತೆಳು ಪದರ ಕೂರಿಸುವುದು, ಆಮೇಲೆ ಅದನ್ನು ಬಿಸಿ ಮಾಡಿ ನ್ಯಾನೋ ಕಣಗಳಾಗಿ ಒಡೆಯುವುದು. ಪದರದ ದಪ್ಪ ಸುಮಾರು 10 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಮೈಕ್ರೋಸ್ಕೋಪ್ ಸ್ಲೈಡ್‌ನ ಒಂದು ಮೈ ಪೂರ್ತಿ ಮುಚ್ಚಿದರೂ ಅಲ್ಲಿ ಕೂರುವ ಚಿನ್ನ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ.

ಹೊಸದಾಗಿ ಸೇರುವ ಹುಡುಗರು ಮೊದಲು ಮಷೀನಿನ ಬಗ್ಗೆ ಕೇಳುತ್ತಾರೆ. ನಾನು ಮೊದಲು ಗಾಜು ತೊಳೆಯುವುದನ್ನು ತೋರಿಸುತ್ತೇನೆ. ಸೋಪು ನೀರು, ಡಿಸ್ಟಿಲ್ಡ್ ವಾಟರ್, ಅಸಿಟೋನ್, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ನೈಟ್ರೋಜನ್ ಊದಿ ಒಣಗಿಸಿದ ಮೇಲೆ ಒಂದು ಸ್ಲೈಡ್ ತೆಗೆದು ಅದರ ಮೇಲೆ ಮೆಲ್ಲಗೆ ಉಸಿರು ಬಿಡುತ್ತೇನೆ. ಮಂಜು ಒಂದೇ ಸಮ ಹರಡಿ ಒಂದೇ ಸಮ ಆರಿದರೆ ಆ ಕಂತು ಸರಿ. ಎಲ್ಲಾದರೂ ಪಟ್ಟೆ ಕಂಡರೆ ಜಿಡ್ಡು ಉಳಿದಿದೆ ಅಂತ ಅರ್ಥ, ಎಲ್ಲವನ್ನೂ ಮತ್ತೆ ತೊಳೆಯಬೇಕು. ಉಸಿರು ಬಿಟ್ಟ ಸ್ಲೈಡ್ ಪರೀಕ್ಷೆಗಷ್ಟೇ, ಅದರ ಮೇಲೆ ಚಿನ್ನ ಹಾಕುವುದಿಲ್ಲ.

ಜೂನ್ ಬಂದು ಸಕಲೇಶಪುರದ ಕಡೆ ಮಳೆ ಹಿಡಿಯಿತೆಂದರೆ ಕಷ್ಟ ಶುರು. ಚಿನ್ನ ಕೂರಿಸುವುದು ಪಂಪಿನಿಂದ ಗಾಳಿ ಎಳೆದು ಖಾಲಿ ಮಾಡಿದ ಚೇಂಬರ್ ಒಳಗೆ. ಅದನ್ನು ತೆರೆದಷ್ಟು ಹೊತ್ತೂ ಅದರ ಒಳಗೋಡೆ ತೇವ ಹೀರುತ್ತದೆ. ಆಮೇಲೆ ಪಂಪ್ ಎಷ್ಟು ಎಳೆದರೂ ಆ ನೀರು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇರುತ್ತದೆ, ಒತ್ತಡ ಬೇಗ ಇಳಿಯುವುದಿಲ್ಲ. ನಮಗೆ 10⁻⁶ ಮಿಲಿಬಾರ್ ಹತ್ತಿರಕ್ಕೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು ನೂರು ಕೋಟಿಯಲ್ಲೊಂದು ಪಾಲಿಗೆ, ಹೋಗಬೇಕು. ಅದಕ್ಕೇ ಚೇಂಬರ್‌ಗೆ ಹೊರಗಿನ ಗಾಳಿ ಬಿಡುವ ಬದಲು ಒಣ ನೈಟ್ರೋಜನ್ ತುಂಬಿ ತೆರೆಯುತ್ತೇನೆ. ಸ್ಲೈಡ್‌ಗಳನ್ನು ಮೊದಲೇ ಹೋಲ್ಡರ್‌ಗೆ ಜೋಡಿಸಿಟ್ಟುಕೊಂಡರೆ ಬಾಗಿಲು ಜಾಸ್ತಿ ಹೊತ್ತು ತೆರೆದಿರುವುದಿಲ್ಲ. ಮುಚ್ಚಿದ ಮೇಲೆ ಹೊರಗೋಡೆಗೆ ಹೀಟರ್ ಟೇಪ್ ಸುತ್ತಿ ಬಿಸಿ ಮಾಡುತ್ತೇನೆ. ಕರೆಂಟ್ ಹೋದರೆ ಮೊದಲು ಚೇಂಬರ್ ಮತ್ತು ಡಿಫ್ಯೂಷನ್ ಪಂಪ್ (ಬಿಸಿ ಎಣ್ಣೆಯ ಆವಿಯಿಂದ ಗಾಳಿ ಎಳೆಯುವ ಪಂಪ್) ನಡುವಿನ ವಾಲ್ವ್ ಮುಚ್ಚಬೇಕು. ಇಲ್ಲದಿದ್ದರೆ ಪಂಪಿನ ಎಣ್ಣೆಯ ಆವಿ ಸ್ಲೈಡಿಗೇ ಬಂದು ಕೂರುತ್ತದೆ.

ಚಿನ್ನ ಆವಿಯಾಗಿಸುವುದು ಟಂಗ್‌ಸ್ಟನ್ ಬೋಟ್‌ನಲ್ಲಿ, ಅಂದರೆ ಕರೆಂಟ್ ಹರಿಸಿ ಕಾಯಿಸುವ ಸಣ್ಣ ಲೋಹದ ತಟ್ಟೆಯಲ್ಲಿ. ಪದರ ಬೆಳೆಯುವ ವೇಗ ಅಳೆಯುವ ಕ್ರಿಸ್ಟಲ್ ಮಾನಿಟರ್‌ನಲ್ಲಿ ವೇಗ ಒಂದೇ ಸಮ ಬರುವವರೆಗೆ ಸ್ಲೈಡ್‌ಗಳಿಗೆ ಅಡ್ಡವಿರುವ ಶಟರ್ ತೆರೆಯುವುದಿಲ್ಲ. ಹೊರಗೆ ಬಂದ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅದು ಹಳದಿಯಾಗಿ ಕಾಣುವುದಿಲ್ಲ, ನೀಲಿ-ಹಸಿರಾಗಿ ಕಾಣುತ್ತದೆ.

ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮೂರಲ್ಲೇ ಇರುವುದರಿಂದ ಇಲ್ಲಿನವರಿಗೆ ಉಪಗ್ರಹದ ಚಿತ್ರ ಹೊಸದಲ್ಲ. ಅದಕ್ಕೆ ಹೊದಿಸಿರುವ ಹೊಂಬಣ್ಣದ ಹಾಳೆ ಸಾಮಾನ್ಯವಾಗಿ ಚಿನ್ನವಲ್ಲ. ಅದು ಪಾಲಿಇಮೈಡ್ ಪ್ಲಾಸ್ಟಿಕ್ ಮೇಲೆ ಕೂರಿಸಿದ ಅಲ್ಯೂಮಿನಿಯಂ ಪದರ, ಬಣ್ಣ ಪ್ಲಾಸ್ಟಿಕ್ಕಿನದು. ಅಲ್ಲಿ ಪದರ ಹರಿಯದೆ ಉಳಿಯಬೇಕು. ನನಗೆ ಬೇಕಾದದ್ದು ಅದು ಒಡೆಯುವುದು.

ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಇಷ್ಟು ತೆಳುವಾದ ಪದರ 400–500 ಡಿಗ್ರಿಗೇ ಒಡೆಯುತ್ತದೆ, ಕರಗದೆಯೇ! ಮೇಲ್ಮೈಯ ಪರಮಾಣುಗಳು ಅಷ್ಟು ಬಿಸಿಗೇ ಓಡಾಡಲು ಶುರು ಮಾಡುತ್ತವೆ. ಚಿನ್ನಕ್ಕೆ ಗಾಜಿನ ಮೇಲೆ ಹಿಡಿತ ಕಡಿಮೆ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಾಗಲು ನೋಡುತ್ತದೆ. ಮೊದಲು ಹರಳುಗಳು ಸೇರುವ ಗೆರೆಯಲ್ಲಿ ಸಣ್ಣ ತೂತು ಬೀಳುತ್ತದೆ. ತೂತು ಅಗಲವಾಗಿ ಒಂದಕ್ಕೊಂದು ಸೇರುತ್ತವೆ. ನಡುವೆ ಉಳಿದ ಎಳೆಗಳು ತುಂಡಾಗಿ ಕಣಗಳಾಗುತ್ತವೆ. ಚಿನ್ನ ಗಟ್ಟಿಯಾಗಿ ಅಂಟಲಿ ಅಂತ ಅಡಿಯಲ್ಲಿ ಕ್ರೋಮಿಯಂ ಹಾಕುವ ರೂಢಿಯಿದೆ. ಈ ಕೆಲಸಕ್ಕೆ ಅದು ಬೇಡ, ಅದು ಒಡೆಯುವುದನ್ನೇ ತಡೆಯುತ್ತದೆ. ಗಾಜಿನ ಮೇಲಿನ ಚಿನ್ನದ ಹಾಳೆ ಬಿಸಿ ಮಾಡಿದರೆ ಅದರ ಹಸಿರು ಹೋಗುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ 1857ರಲ್ಲೇ ಬರೆದಿದ್ದರು. ಈಗಲೂ ಫರ್ನೇಸ್‌ನಿಂದ ಗುಲಾಬಿ ಬಣ್ಣದ ಸ್ಲೈಡ್ ಹೊರಗೆ ಬಂದಾಗ ನನಗೆ ಅಷ್ಟೇ ಖುಷಿ.

ಒಡೆದಿದೆಯಾ ಅಂತ ತಿಳಿಯಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ಗೆ ಕಾಯಬೇಕಿಲ್ಲ. ಮಲ್ಟಿಮೀಟರ್‌ನ ಎರಡು ಪ್ರೋಬ್‌ಗಳನ್ನು ಪದರದ ಮೇಲೆ ಎರಡು ಕಡೆ ಇಟ್ಟು ನೋಡಿ. ಬಿಸಿ ಮಾಡುವ ಮೊದಲು ಪದರದಲ್ಲಿ ಕರೆಂಟ್ ಹರಿಯುತ್ತದೆ, ಕಣಗಳು ಬೇರೆಯಾದ ಮೇಲೆ ಹರಿಯುವುದಿಲ್ಲ. ಆಮೇಲೆ ಯಾವ ಬಣ್ಣದ ಬೆಳಕನ್ನು ಸ್ಲೈಡ್ ಎಷ್ಟು ತಡೆಯುತ್ತದೆ ಅಂತ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡಿದರೆ 530 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಶಿಖರ ಬರುತ್ತದೆ. ಶಿಖರ ಚೂಪಾಗಿದ್ದರೆ ಕಣಗಳ ಗಾತ್ರ ಹೆಚ್ಚು ಕಡಿಮೆ ಒಂದೇ ಇದೆ. ದಪ್ಪ ಪದರದಿಂದ ದೊಡ್ಡ, ದೂರ ದೂರದ ಕಣ ಸಿಗುತ್ತದೆ. ತೆಳುವಾದದ್ದರಿಂದ ಚಿಕ್ಕವು, ಹತ್ತಿರ ಹತ್ತಿರ. ಗಾತ್ರ ಬದಲಿಸಬೇಕೆಂದರೆ ನಾನು ಮೊದಲು ಮುಟ್ಟುವುದು ದಪ್ಪವನ್ನೇ, ಫರ್ನೇಸನ್ನಲ್ಲ.

ಬೆಳ್ಳಿಯಲ್ಲೂ ಇದೇ ಕೆಲಸ ಮಾಡುತ್ತೇವೆ. ಅದು ಚಿನ್ನಕ್ಕಿಂತ ಕಡಿಮೆ ಬಿಸಿಗೇ ಒಡೆಯುತ್ತದೆ. ಆದರೆ ಗಾಳಿಯಲ್ಲಿನ ಗಂಧಕ ತಾಗಿ ಕಪ್ಪಾಗುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ. ಹಾಗಾಗಿ ಬೆಳ್ಳಿಯ ಸ್ಲೈಡ್ ಮಾಡಿದ ದಿನವೇ ಅಳೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಪಾತ್ರೆಯಲ್ಲಿ (ಡೆಸಿಕೇಟರ್) ಇಡುತ್ತೇವೆ.