ಕತೆ ಮೊದಲೇ ಹೇಳಿ ತೋರಿಸಿದ ಜಿಸೆಲ್

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯಲ್ಲಿ ಭರತನಾಟ್ಯ ಹೇಳಿಕೊಡುತ್ತೇನೆ. ದೊಡ್ಡ ಮಕ್ಕಳ ಬ್ಯಾಚಿನಲ್ಲಿ 14 ಜನ, ಎಲ್ಲರೂ ಹೈಸ್ಕೂಲಿನವರು. ಪದ, ಜಾವಳಿ ಅಂತ ಅಭಿನಯದ ಹಾಡುಗಳನ್ನು ಕಲಿಸುವಾಗ ಒಂದು ತೊಂದರೆ ಕಾಣುತ್ತಿತ್ತು. ಮಕ್ಕಳ ಕಣ್ಣು, ಹುಬ್ಬು ಎಲ್ಲ ಚೆನ್ನಾಗಿ ಆಡುತ್ತವೆ. ಆದರೆ ಕುತ್ತಿಗೆಯಿಂದ ಕೆಳಗೆ ಮೈ ಸುಮ್ನೆ ನಿಂತಿರುತ್ತದೆ. ಹಾಡಿನ ಸಾಹಿತ್ಯ ಅರ್ಧ ಕೆಲಸ ಮಾಡಿಕೊಡುತ್ತದಲ್ಲ, ಅದಕ್ಕೇ ಇರಬೇಕು ಅನ್ನಿಸಿತು. ಸಾಹಿತ್ಯವೇ ಇಲ್ಲದೆ, ಮೈಯಿಂದಲೇ ಇಡೀ ಕತೆ ಹೇಳುವವರನ್ನು ಇವರು ನೋಡಬೇಕು ಅಂತ ಒಂದು ಬ್ಯಾಲೆ ತೋರಿಸಲು ಹೊರಟೆ.

ಯಾವ ಬ್ಯಾಲೆ? ನಮ್ಮವರಿಗೆ ಹತ್ತಿರ ಅಂತ ಮೊದಲು ನೆನಪಾಗಿದ್ದು ಲಾ ಬಯಾದೇರ್. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮಾರಿಯಸ್ ಪೆಟಿಪಾ ಕಟ್ಟಿದ್ದು. ಅದರ ನಾಯಕಿ ಭಾರತದ ದೇವಸ್ಥಾನದಲ್ಲಿ ಕುಣಿಯುವ ಹುಡುಗಿ. ಆದರೆ ಅದು ದೂರದಲ್ಲಿ ಕೂತು ಊಹಿಸಿಕೊಂಡ ಭಾರತ. ಉಡುಪು ಸರಿಯಿಲ್ಲ, ನಮಸ್ಕಾರ ಸರಿಯಿಲ್ಲ ಅನ್ನುವುದರಲ್ಲೇ ಮಕ್ಕಳ ಹೊತ್ತು ಹೋಗುತ್ತಿತ್ತು. ಜಿಸೆಲ್ ಆರಿಸಿಕೊಂಡೆ. ಎರಡೇ ಅಂಕ, ಕತೆ ನೇರ. ಮೊದಲ ಅಂಕವೆಲ್ಲ ಅಭಿನಯ, ಎರಡನೆಯದರ ತುಂಬ ಕುಣಿತ. ಮೊದಲು ಆಡಿದ್ದು 1841ರ ಜೂನ್ 28ರಂದು, ಪ್ಯಾರಿಸ್ಸಿನಲ್ಲಿ. ಸಂಗೀತ ಅಡಾಲ್ಫ್ ಆಡಮ್ ಅವರದು, ನೃತ್ಯ ಕಟ್ಟಿದವರು ಜಾನ್ ಕೊರಾಲಿ ಮತ್ತು ಜೂಲ್ ಪೆರೋ. ಈಗ ನಾವು ನೋಡುವುದರಲ್ಲಿ ಪೆಟಿಪಾ ಆಮೇಲೆ ತಿದ್ದಿದ್ದೂ ಬಹಳ ಸೇರಿದೆ.

ಮೊದಲ ಭಾನುವಾರ ಕತೆ ಹೇಳದೆ ಹಾಕಿದೆ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಪಕ್ಕದ ಮನೆಯ ಪ್ರೊಜೆಕ್ಟರ್ ತಂದಿದ್ದೆ. ಅವರೇ ಕಂಡುಕೊಳ್ಳಲಿ ಅನ್ನುವುದು ನನ್ನ ಲೆಕ್ಕ. 20 ನಿಮಿಷಕ್ಕೆ ಮಕ್ಕಳು ಜಡೆ ಬಿಚ್ಚಿ ಹೆಣೆಯಲು ಶುರು ಮಾಡಿದರು. ಯಾರು ಯಾರಿಗೆ ಏನಾಗಬೇಕು ಅಂತ ಹುಡುಕುವುದರಲ್ಲಿ ಕುಣಿತ ಕಣ್ಣಿಗೇ ಬಿದ್ದಿರಲಿಲ್ಲ. ನಿಲ್ಲಿಸಿಬಿಟ್ಟೆ.

ಆವತ್ತು ರಾತ್ರಿ ಯೋಚಿಸಿದಾಗ ತಪ್ಪು ಗೊತ್ತಾಯಿತು. ಹರಿಶ್ಚಂದ್ರ ನಾಟಕಕ್ಕೆ ಹೋಗುವವರಿಗೆ ಕೊನೆ ಏನು ಅಂತ ಗೊತ್ತಿಲ್ಲವೇ? ಗೊತ್ತಿರುವುದರಿಂದಲೇ ಅಲ್ವಾ ಚಂದ್ರಮತಿ ಸ್ಮಶಾನಕ್ಕೆ ಬರುವಾಗ ಅವಳ ಹೆಜ್ಜೆ ನೋಡುವುದು? ಬ್ಯಾಲೆಯೂ ಹಾಗೇ. ಕತೆ ಕೈಯಲ್ಲಿದ್ದರೆ ಕಣ್ಣಿಗೆ ಬಿಡುವು ಸಿಗುತ್ತದೆ.

ಮುಂದಿನ ವಾರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೂರ್ತಿ ಹೇಳಿದೆ. ಜಿಸೆಲ್ ಹಳ್ಳಿ ಹುಡುಗಿ. ಹೃದಯ ದುರ್ಬಲ, ಆದರೂ ಕುಣಿತ ಅಂದರೆ ಪ್ರಾಣ. ಆಲ್ಬ್ರೆಕ್ಟ್ ಅನ್ನುವ ಸಿರಿವಂತನೊಬ್ಬ ರೈತನ ವೇಷದಲ್ಲಿ ಬಂದು ಅವಳ ಮನಸ್ಸು ಗೆಲ್ಲುತ್ತಾನೆ. ಅವನಿಗೆ ಆಗಲೇ ಬಟಿಲ್ಡಾ ಎಂಬ ದೊಡ್ಡ ಮನೆತನದ ಹೆಣ್ಣಿನೊಂದಿಗೆ ನಿಶ್ಚಿತಾರ್ಥವಾಗಿದೆ. ಜಿಸೆಲ್‌ಳನ್ನು ಬಯಸುವ ಹಿಲಾರಿಯನ್ ಈ ಗುಟ್ಟು ಹೊರಗೆ ಹಾಕುತ್ತಾನೆ. ಅವಳಿಗೆ ಬುದ್ಧಿ ಕಲಕಿ, ಅಲ್ಲೇ ಬಿದ್ದು ಸಾಯುತ್ತಾಳೆ. ಎರಡನೇ ಅಂಕ ನಡುರಾತ್ರಿ, ಕಾಡಿನಲ್ಲಿ, ಅವಳ ಗೋರಿಯ ಹತ್ತಿರ. ಮದುವೆಗೆ ಮೊದಲೇ ಸತ್ತ ಹೆಣ್ಣುಗಳು ವಿಲಿಗಳಾಗಿ ಬಿಳಿ ಬಟ್ಟೆಯಲ್ಲಿ ಏಳುತ್ತವೆ. ಸಿಕ್ಕ ಗಂಡಸನ್ನು ಸಾಯುವ ತನಕ ಕುಣಿಸುತ್ತವೆ. ಅವರ ರಾಣಿ ಮಿರ್ತಾ.

ಒಬ್ಬ ಹುಡುಗಿಯ ಅಜ್ಜಿ ಮಂಡ್ಯದ ಕಡೆಯಿಂದ ಬಂದಿದ್ದರು, ಮೊಮ್ಮಗಳ ಜೊತೆ ಮೂಲೆಯಲ್ಲಿ ಕೂತಿದ್ದರು. ಇಷ್ಟು ಕೇಳಿದ್ದೇ ಅವರು, "ಅಯ್ಯೋ, ಮೋಹಿನಿ ಕಣವ್ವ ಅವು! ನಮ್ಮೂರಲ್ಲಿ ಬಾಗ್ಲ ಮೇಲೆ ನಾಳೆ ಬಾ ಅಂತ ಬರೀತಿದ್ವಲ್ಲ" ಅಂದರು. ಅಲ್ಲಿಂದ ಮುಂದೆ ಯಾರಿಗೂ ವಿಲಿ ಅಂದರೆ ಏನು ಅಂತ ವಿವರಿಸಬೇಕಾಗಲಿಲ್ಲ.

ಆಮೇಲೆ ಬ್ಯಾಲೆಯ ಕೈಗುರುತುಗಳು. ನಮ್ಮ ಹಸ್ತಗಳಷ್ಟು ಇಲ್ಲ, ಐದು ಕಲಿತರೆ ಈ ಕತೆಗೆ ಸಾಕು. ಮುಖದ ಸುತ್ತ ಕೈ ಆಡಿಸಿದರೆ ಚೆಲುವೆ. ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ಸುತ್ತಿಸಿದರೆ ಕುಣಿತ. ಉಂಗುರದ ಬೆರಳು ತೋರಿಸಿದರೆ ಮದುವೆ. ಎರಡು ಬೆರಳು ಮೇಲೆತ್ತಿದರೆ ಆಣೆ. ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಅಡ್ಡಡ್ಡ ಇಟ್ಟರೆ ಸಾವು. ಇದನ್ನು ತೋರಿಸಿದಾಗ ಒಬ್ಬಳು, "ಮಿಸ್, ಇದು ನಮ್ಮ ಸ್ವಸ್ತಿಕ ಹಸ್ತದ ಥರ ಇದೆ, ಮೊಸಳೆಗೆ ಹಿಡೀತೀವಲ್ಲ?" ಅಂದಳು. ನನಗೆ ಎಷ್ಟು ಖುಷಿಯಾಯಿತು! ನಮ್ಮದರಲ್ಲಿ ಎರಡೂ ಕೈ ಪತಾಕ, ಬೆರಳು ಚಾಚಿರುತ್ತವೆ. ಅವರದರಲ್ಲಿ ಮುಚ್ಚಿರುತ್ತವೆ. ಅಷ್ಟರಲ್ಲೇ ಅರ್ಥ ಬೇರೆ.

ಈ ಗುರುತುಗಳು ಒಟ್ಟಿಗೆ ಸಿಗುವುದು ಜಿಸೆಲ್‌ಳ ತಾಯಿ ಬೆರ್ತ್ ವಿಲಿಗಳ ಕತೆ ಹೇಳಿ ಮಗಳನ್ನು ಹೆದರಿಸುವ ಜಾಗದಲ್ಲಿ. ಕೆಲವು ಪ್ರದರ್ಶನಗಳಲ್ಲಿ ಇದನ್ನು ಮೊಟಕು ಮಾಡಿರುತ್ತಾರೆ, ಇಲ್ಲವೇ ಬಿಟ್ಟೇ ಬಿಟ್ಟಿರುತ್ತಾರೆ. ಪೂರ್ತಿ ಇರುವ ವಿಡಿಯೊವನ್ನೇ ಹುಡುಕಿ ಅಂತ ಹೇಳುತ್ತೇನೆ.

ವಿಡಿಯೊ ಆರಿಸುವ ಬಗ್ಗೆ ಇನ್ನೊಂದು ಮಾತು. ರಂಗಮಂದಿರದಲ್ಲಿ ಎಲ್ಲಿ ನೋಡಬೇಕು ಅಂತ ನಾವು ತೀರ್ಮಾನಿಸುತ್ತೇವೆ. ಇಲ್ಲಿ ಕ್ಯಾಮೆರಾ ತೀರ್ಮಾನಿಸುತ್ತದೆ. ನಾನು ಮೊದಲು ತಂದಿದ್ದರಲ್ಲಿ ಬರೀ ಮುಖಗಳೇ. ಎರಡನೇ ಅಂಕದಲ್ಲಿ ವಿಲಿಗಳು ಎರಡು ಗುಂಪಾಗಿ ಎರಡೂ ಬದಿಯಿಂದ ಬರುತ್ತಾರೆ. ಒಂದು ಕಾಲಲ್ಲಿ ನಿಂತು, ಇನ್ನೊಂದನ್ನು ಹಿಂದಕ್ಕೆ ಚಾಚಿ, ಸಣ್ಣ ಸಣ್ಣದಾಗಿ ಕುಪ್ಪಳಿಸುತ್ತಾ ಒಬ್ಬರ ಸಾಲಿನೊಳಗೆ ಇನ್ನೊಬ್ಬರು ಹಾದುಹೋಗುತ್ತಾರೆ. ಆ ಹೊತ್ತಿಗೆ ಕ್ಯಾಮೆರಾ ಒಬ್ಬಳ ಗಲ್ಲಕ್ಕೆ ಅಂಟಿಕೊಂಡರೆ ಏನುಳಿಯಿತು? ಈಗ ನಾನು ಯಾವ ವಿಡಿಯೊ ಆದರೂ ಮೊದಲು ಆ ಜಾಗಕ್ಕೆ ಓಡಿಸಿ ನೋಡುತ್ತೇನೆ. ತಲೆಯಿಂದ ಕಾಲಿನವರೆಗೆ, ಪೂರ್ತಿ ಸಾಲು ಕಾಣಬೇಕು. ಕಂಡರೆ ಮಾತ್ರ ಮಕ್ಕಳಿಗೆ.

ಆದರೆ ಬುದ್ಧಿ ಕಲಕುವ ದೃಶ್ಯದಲ್ಲಿ ಹತ್ತಿರದ ಚಿತ್ರವೇ ಬೇಕು. ಅದನ್ನು ಮೂರು ಸಲ ಹಾಕಿದೆ. ಮೊದಲಿಗೆ ಜಿಸೆಲ್ ಹೂವಿನ ಎಸಳು ಕೀಳುತ್ತಾ ಪ್ರೀತಿಸುತ್ತಾನೆ, ಇಲ್ಲ ಅಂತ ಎಣಿಸಿರುತ್ತಾಳೆ. ಲೆಕ್ಕ ಇಲ್ಲ ಅನ್ನುವುದಕ್ಕೆ ಬಂದಾಗ ಆಲ್ಬ್ರೆಕ್ಟ್ ಕದ್ದು ಒಂದು ಎಸಳು ಕಿತ್ತು ಸರಿಮಾಡಿರುತ್ತಾನೆ. ಬುದ್ಧಿ ಕೆಟ್ಟ ಮೇಲೆ ಇಲ್ಲದ ಹೂವನ್ನು ಕೈಯಲ್ಲಿ ಹಿಡಿದು ಅವಳು ಮತ್ತೆ ಎಣಿಸುತ್ತಾಳೆ. ಆಗ ಬಂದಿದ್ದ ಮಟ್ಟು ಈಗ ತುಂಡುತುಂಡಾಗಿ ಬರುತ್ತದೆ. ಆಗ ಕುಣಿದ ಹೆಜ್ಜೆಗಳನ್ನೇ ಈಗ ಎಡವುತ್ತಾ ಹಾಕುತ್ತಾಳೆ. ಮೂರನೇ ಸಲ ಸದ್ದು ಪೂರ್ತಿ ತೆಗೆದೆ. ಮುಖ ನೋಡಬೇಡಿ, ಭುಜ ಮತ್ತು ಮೊಣಕಾಲು ಮಾತ್ರ ನೋಡಿ ಅಂದೆ. ಮಹಡಿಯಲ್ಲಿ ಯಾರೂ ಅಲ್ಲಾಡಲಿಲ್ಲ.

ಅಭಿನಯಕ್ಕೆ ಹೆಸರಾದ ಊರು ನಮ್ಮದು. ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಇಲ್ಲೇ ಅರಮನೆಯಲ್ಲಿ ಅಭಿನಯ ಮಾಡಿದವರು. ಆ ನೆಲದ ಮಕ್ಕಳು ಬೇರೆ ದೇಶದ ಅಭಿನಯವನ್ನು ಹೀಗೆ ಉಸಿರು ಹಿಡಿದು ನೋಡುವುದು ನನಗೆ ಬಹಳ ಬೇಕಾಗಿತ್ತು.

ಚುರುಮುರಿ ತಿಂದು ಎರಡನೇ ಅಂಕಕ್ಕೆ ಕೂತೆವು. ಹಿಲಾರಿಯನ್ ಸಿಕ್ಕಿಬಿದ್ದು ಸತ್ತ. ಆಲ್ಬ್ರೆಕ್ಟ್‌ನ ಸರದಿ ಬಂದಾಗ ಜಿಸೆಲ್ ಅವನಿಗೆ ಅಡ್ಡ ನಿಂತಳು. ಬೆಳಗಾಗುವ ತನಕ ಅವನನ್ನು ಉಳಿಸಿಕೊಳ್ಳಬೇಕು. ಗಂಟೆ ಬಾರಿಸಿತು, ವಿಲಿಗಳ ಬಲ ಹೋಯಿತು. ಆದರೆ ಆ ಗಂಟೆ ನಮಗೆ ಕೇಳಿಸಲೇ ಇಲ್ಲ! ಸ್ಪೀಕರ್ ಸಣ್ಣದು, ಹೊರಗೆ ಮಳೆ. ರಾಣಿ ಯಾಕೆ ಸೋತಳು ಅಂತ ಮಕ್ಕಳು ಕೇಳಿದರು. ಹಿಂದಕ್ಕೆ ಹೋಗಿ ಕಿಟಕಿ ಮುಚ್ಚಿ ಮತ್ತೆ ಕೇಳಿಸಿದೆ. ಒಳ್ಳೆಯ ಸ್ಪೀಕರ್ ಇಟ್ಟುಕೊಳ್ಳಿ, ದೊಡ್ಡ ಪರದೆಗಿಂತ ಅದೇ ಮುಖ್ಯ.

ಮುಗಿದ ಮೇಲೆ ಅಜ್ಜಿ ಕೇಳಿದರು: "ಆ ಹುಡ್ಗ ಆಮೇಲೆ ಏನಾದ?" ಈಗಿನ ಹೆಚ್ಚಿನ ಪ್ರದರ್ಶನಗಳು ಅವನನ್ನು ಒಂಟಿಯಾಗಿ ಬಿಟ್ಟು ಮುಗಿಯುತ್ತವೆ. 1841ರಲ್ಲಿ ಹಾಗಿರಲಿಲ್ಲ, ಬಟಿಲ್ಡಾ ಅಲ್ಲಿಗೆ ಬರುತ್ತಿದ್ದಳು, ಅವಳ ಹತ್ತಿರ ಹೋಗು ಅಂತ ಜಿಸೆಲ್‌ಳೇ ಕೈ ತೋರಿಸುತ್ತಿದ್ದಳು ಅಂದೆ.

"ಆ ಹೆಣ್ಣಿಗೆ ಒಪ್ಪಿಗೆ ಇತ್ತಾ? ಅವಳಿಗೂ ಮೋಸ ಆಯ್ತಲ್ಲವ್ವ."

ಬಟಿಲ್ಡಾ ಕಡೆ ಅಲ್ಲಿಯವರೆಗೆ ನಾವ್ಯಾರೂ ನೋಡಿರಲಿಲ್ಲ. ಮೊದಲ ಅಂಕಕ್ಕೆ ವಾಪಸ್ ಹೋದೆವು. ಅವಳು ಬೇಟೆಗೆ ಬಂದು ಜಿಸೆಲ್‌ಳ ಮನೆ ಮುಂದೆ ದಣಿವಾರಿಸಿಕೊಳ್ಳುತ್ತಾಳೆ. ತನಗೆ ನಿಶ್ಚಯವಾಗಿದೆ ಅಂತ ಜಿಸೆಲ್ ಉಂಗುರದ ಬೆರಳು ತೋರಿಸುತ್ತಾಳೆ. ನನಗೂ ಅಂತ ಬಟಿಲ್ಡಾ ಅದೇ ಬೆರಳು ತೋರಿಸುತ್ತಾಳೆ. ತನ್ನ ಕೊರಳ ಸರ ತೆಗೆದು ಅವಳಿಗೆ ಹಾಕುತ್ತಾಳೆ. ಇಬ್ಬರೂ ಹೇಳುತ್ತಿರುವುದು ಒಬ್ಬನನ್ನೇ.

ಅಜ್ಜಿ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡು, "ಇನ್ನೊಂದ್ಸಲ ಹಾಕವ್ವ" ಅಂದರು.